ಕಲ್ಯಾಣಕ್ಕೆ ಬಂದವರು ಒಂದು ರಾತ್ರಿ ಉಳಿಯುವರೇ?

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಎಂಬ ತಿರುವಿದೆ. ಅಲ್ಲಿಂದ ಒಳಗೆ ಕೆಲವೇ ಕಿಲೋಮೀಟರು ಸಾಗಿದರೆ ಬಸವಕಲ್ಯಾಣ. ರಜೆಯ ದಿನಗಳಲ್ಲಿ ಲಾತೂರು, ಸೊಲ್ಲಾಪುರ, ಜಹೀರಾಬಾದ್, ಕಲಬುರಗಿ ಕಡೆಯ ಗಾಡಿಗಳು ಇಲ್ಲಿ ಹೊರಳುತ್ತವೆ. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ಫೋಟೊ ಆಗುತ್ತದೆ, ಚಹಾ ಆಗುತ್ತದೆ. ಹುಮ್ಮಸ್ಸಿದ್ದವರು ಅನುಭವ ಮಂಟಪವನ್ನೂ ಕೋಟೆಯನ್ನೂ ನೋಡಿಬರುತ್ತಾರೆ. ಹೊತ್ತು ಮುಳುಗುವ ಮುನ್ನ ಗಾಡಿ ಮತ್ತೆ ಹೆದ್ದಾರಿ ಹತ್ತಿರುತ್ತದೆ. ‘ಇನ್ನೇನ್ ಅದ ರೀ ಇಲ್ಲಿ ನೋಡ್ಲಿಕ್ಕ?’ ಎಂಬ ಪ್ರಶ್ನೆಗೆ ಅವರು ನಿಲ್ಲುವ ಎರಡು ತಾಸಿನಲ್ಲಿ ಉತ್ತರ ಸಿಗುವುದಿಲ್ಲ.

ನೋಡಲಿಕ್ಕೆ ಇರುವುದು ಕಡಿಮೆಯೇನಲ್ಲ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಇಲ್ಲಿಗೆ ರಾಜಧಾನಿ ತಂದ. ಆರನೇ ವಿಕ್ರಮಾದಿತ್ಯ 1076ರಿಂದ ಸುಮಾರು ಅರ್ಧ ಶತಮಾನ ಇಲ್ಲಿಂದಲೇ ಆಳಿದ. ಶಕವರ್ಷವನ್ನು ಬದಿಗಿಟ್ಟು ತನ್ನದೇ ಹೆಸರಿನ ವರ್ಷಗಣನೆ ಆರಂಭಿಸಿದ. ಕಾಶ್ಮೀರದ ಬಿಲ್ಹಣ ಅವನ ಆಸ್ಥಾನ ಸೇರಿ ಅವನ ಚರಿತೆಯನ್ನೇ ಕಾವ್ಯವಾಗಿಸಿದ. ಇದೇ ಊರಿನಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವ ತನಕ, ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಅಣ್ಣತಮ್ಮಂದಿರು ಹೊಲಮನೆ ಪಾಲು ಮಾಡಿಕೊಂಡದ್ದು ಆ ಗ್ರಂಥದ ಆಧಾರದ ಮೇಲೆ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಡುಗೆಗೇ ಮೀಸಲಾದ ಭಾಗವಿದೆ. ಆಮೇಲೆ ಕಳಚುರಿ ಬಿಜ್ಜಳನ ಕಾಲ ಬಂತು. ಅವನ ಭಂಡಾರಿಯಾಗಿದ್ದ ಬಸವಣ್ಣ, ಶೂನ್ಯಪೀಠದ ಅಲ್ಲಮಪ್ರಭು, ಉಡುತಡಿಯಿಂದ ನಡೆದು ಬಂದ ಅಕ್ಕಮಹಾದೇವಿ, ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆ, ಅದರ ಬೆನ್ನಿಗೇ ಬಂದ ರಕ್ತಪಾತ, ಇವೆಲ್ಲ ಕನ್ನಡಿಗರಿಗೆ ಗೊತ್ತಿರುವ ಕಥೆ.

ಗೊತ್ತಿರದಿರುವುದು ಆ ಕಥೆ ಊರಿನಲ್ಲಿ ಎಲ್ಲೆಲ್ಲಿ ಹರಡಿಕೊಂಡಿದೆ ಎಂಬುದು. ತ್ರಿಪುರಾಂತ ಕೆರೆಯ ಆಸುಪಾಸಿನಲ್ಲಿ, ಬಂದವರ ಓಣಿಯಲ್ಲಿ, ಊರಿನ ಸಂದಿಗೊಂದಿಗಳಲ್ಲಿ ಅಕ್ಕನಾಗಮ್ಮನ ಗವಿ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಗವಿ, ಅಂಬಿಗರ ಚೌಡಯ್ಯನ ಗವಿ, ಮಡಿವಾಳ ಮಾಚಿದೇವರ ಹೊಂಡ, ಹರಳಯ್ಯನ ಹೆಸರಿನ ತಾಣ, ಪ್ರಭುದೇವರ ಗದ್ದುಗೆ, ಅರಿವಿನ ಮನೆ, ಪರುಷಕಟ್ಟೆ ಇವೆ. ಇವುಗಳಲ್ಲಿ ಹಲವಕ್ಕೆ ಒಂದೊಂದು ದುಡಿಮೆಯ ಹೆಸರು ಅಂಟಿಕೊಂಡಿದೆ. ಅರಸರ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಗಸ, ಅಂಬಿಗ, ಸಮಗಾರ, ಹಗ್ಗ ಹೊಸೆಯುವವರ ಹೆಸರುಗಳನ್ನೇ ಸ್ಮಾರಕಗಳ ಪಟ್ಟಿಯಾಗಿ ಇಟ್ಟುಕೊಂಡ ಊರು ಇನ್ನೊಂದು ಸಿಗಲಾರದು. ಆದರೆ ಇವು ಬಸ್ಸಿನ ಕಿಟಕಿಯಿಂದ ಕಾಣುವ ತಾಣಗಳಲ್ಲ. ಇಳಿದು ನಡೆಯಬೇಕು, ದಾರಿ ಕೇಳಬೇಕು, ಬಗ್ಗಿ ಒಳಗೆ ಹೋಗಬೇಕು. ಕನಿಷ್ಠ ಒಂದು ದಿನ ಬೇಕು, ಒಂದು ರಾತ್ರಿ ಬೇಕು.

ಈ ಲೇಖನದ ವಾದವೆಲ್ಲ ಆ ಒಂದು ರಾತ್ರಿಯ ಸುತ್ತಲೇ ಇದೆ. ಹತ್ತು ಗಾಡಿ ಜನ ಎರಡು ತಾಸು ನಿಂತು ಹೋಗುವುದಕ್ಕಿಂತ ಒಂದು ಗಾಡಿ ಜನ ಒಂದು ರಾತ್ರಿ ಉಳಿಯುವುದು ಈ ಊರಿಗೆ ಹೆಚ್ಚು ಲಾಭ, ಕಡಿಮೆ ಹಾನಿ. ಪ್ರವಾಸೋದ್ಯಮದ ಹೆಸರಿನಲ್ಲಿ ನಾವು ಮಾಡುತ್ತಿರುವ ಖರ್ಚಿನ ದೊಡ್ಡ ಪಾಲು ಮಾತ್ರ ಗಾಡಿಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೇ ಹೋಗುತ್ತದೆ.

ದುಡ್ಡು ಎಲ್ಲಿ ಇಳಿಯುತ್ತದೆ?

ಲೆಕ್ಕ ಸರಳ. ಐವತ್ತು ಜನರ ಒಂದು ಬಸ್ಸು ಊರಿಗೆ ಬಂತೆನ್ನಿ. ಬಸ್ಸು ಹೊರಗಿನದು, ಡೀಸೆಲ್ಲು ಹೆದ್ದಾರಿಯ ಬಂಕಿನದು, ಊಟದ ಬುತ್ತಿ ಮನೆಯದು ಅಥವಾ ಹೆದ್ದಾರಿ ಢಾಬಾದ್ದು. ಊರಿನ ಕೈಗೆ ಬರುವುದು ಚಹಾ, ಹೂವು, ತೆಂಗಿನಕಾಯಿ, ಮಕ್ಕಳ ಆಟಿಕೆಯ ಕಾಸು. ಊರಲ್ಲಿ ಉಳಿಯುವುದು ನೀರಿನ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಶೌಚಾಲಯದ ಹೊರೆ. ಕಸ ಎತ್ತುವ ಖರ್ಚು ನಗರಸಭೆಯದು. ಪ್ರವಾಸಿ ಖರ್ಚು ಮಾಡಿದ ಹಣ ತಾಣದಿಂದ ಹೊರಗೆ ಹರಿದುಹೋಗುವುದನ್ನು ಅರ್ಥಶಾಸ್ತ್ರದವರು ಸೋರಿಕೆ ಎನ್ನುತ್ತಾರೆ. ಹೆದ್ದಾರಿಗೆ ಹತ್ತಿರವಿರುವ ಊರುಗಳಲ್ಲಿ ಇದು ಇನ್ನೂ ಜೋರು, ಏಕೆಂದರೆ ಬರುವುದು ಸುಲಭವಾದಷ್ಟೂ ಹೊರಡುವುದೂ ಸುಲಭ.

ಅದೇ ಐವತ್ತು ಜನ ರಾತ್ರಿ ಉಳಿದರೆ ಚಿತ್ರವೇ ಬೇರೆ. ಹಾಸಿಗೆ ಬೇಕು, ಎರಡು ಹೊತ್ತಿನ ಊಟ ಬೇಕು, ಬೆಳಿಗ್ಗೆ ಸುಸಲಾ-ಮಿರ್ಚಿ ಬೇಕು, ಗವಿಗಳ ದಾರಿ ತೋರಿಸುವ ಹುಡುಗ ಬೇಕು, ಪಕ್ಕದ ನಾರಾಯಣಪುರದ ಶಿವಾಲಯಕ್ಕೆ ಆಟೊ ಬೇಕು. ಆಗ ಖರ್ಚಿನ ಹಣ ರೊಟ್ಟಿ ಬಡಿಯುವವಳಿಗೆ, ಹಾಲು ಹಾಕುವವನಿಗೆ, ಹಾಸಿಗೆ ಒಗೆಯುವವರಿಗೆ ಹಂಚಿಹೋಗುತ್ತದೆ. ಸುಸ್ಥಿರ ಪ್ರವಾಸೋದ್ಯಮ ಎಂಬ ಭಾರದ ಮಾತನ್ನು ಬಸವಕಲ್ಯಾಣದ ಮಟ್ಟಿಗೆ ಇಳಿಸಿ ಹೇಳುವುದಾದರೆ ಇಷ್ಟೇ: ಜೋಳ ಬೆಳೆದವನ ಮನೆಗೂ ಬಂದವರ ದುಡ್ಡಿನಲ್ಲಿ ಒಂದು ಪಾಲು ಮುಟ್ಟಬೇಕು, ಮತ್ತು ಮುಂದಿನ ವರ್ಷ ಬರುವವರಿಗೆ ನೋಡಲು ಗವಿಯೂ ಕೆರೆಯೂ ಉಳಿದಿರಬೇಕು.

ಇದು ಕನಸಲ್ಲ, ಕೇರಳದ ಕುಮರಕೋಮ್ ಮಾಡಿ ತೋರಿಸಿದೆ. ವೇಂಬನಾಡ್ ಸರೋವರದ ದಂಡೆಯ ಆ ಊರಿನಲ್ಲಿ ರೆಸಾರ್ಟುಗಳು ಎದ್ದಾಗ ಊರಿನವರಿಗೆ ಸಿಕ್ಕದ್ದು ಕಡಿಮೆ, ಕಳೆದುಕೊಂಡದ್ದು ಹೆಚ್ಚು, ಹಾಗಾಗಿ ಜನ ತಿರುಗಿಬಿದ್ದಿದ್ದರು. 2008ರ ಸುಮಾರಿಗೆ ಸರ್ಕಾರ ‘ಹೊಣೆಯರಿತ ಪ್ರವಾಸೋದ್ಯಮ’ದ ಹೆಸರಿನಲ್ಲಿ ಒಂದು ಏರ್ಪಾಡು ಮಾಡಿತು: ಹೋಟೆಲುಗಳು ತರಕಾರಿ, ಮೊಟ್ಟೆ, ಹಾಲು, ತೆಂಗಿನಕಾಯಿಯನ್ನು ಪಂಚಾಯಿತಿ ವ್ಯಾಪ್ತಿಯ ಕುಟುಂಬಶ್ರೀ ಮಹಿಳಾ ಗುಂಪುಗಳಿಂದಲೇ ಕೊಳ್ಳಬೇಕು. ಪಾಳುಬಿದ್ದಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂತು. 2013ರ ಯುಲಿಸಿಸ್ ಪ್ರಶಸ್ತಿಯನ್ನು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆ ಈ ಕೆಲಸಕ್ಕೆ ಕೊಟ್ಟಿತು. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ. ಬೇಕಾದದ್ದು ಒಂದು ದರಪಟ್ಟಿ, ಲೆಕ್ಕ ಕೂಡಿಸುವ ಒಂದು ಸಮಿತಿ ಮತ್ತು ಮಾತು ತಪ್ಪಿದ ಹೋಟೆಲಿಗೆ ಹೇಳುವ ಧೈರ್ಯ.

ಬೀದರ್ ಜಿಲ್ಲೆಗೆ ಇದು ಕಷ್ಟವಾಗಬಾರದು. ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ಬೀದರ್ ಡಿಸಿಸಿ ಬ್ಯಾಂಕು ದೇಶದ ಬೇರೆ ಕಡೆಯವರು ನೋಡಿ ಕಲಿಯುವಷ್ಟು ಕೆಲಸ ಮಾಡಿದೆ. ನೆರೆಯ ಕಲಬುರಗಿಯ ಜಿಲ್ಲಾಡಳಿತ ಮಹಿಳಾ ಸಂಘಗಳು ಬಡಿದ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಸಂಘ ಇದೆ, ಸಾಲ ಇದೆ, ರೊಟ್ಟಿ ಇದೆ. ಮನೆಯ ಮೇಲಿನ ಒಂದು ಕೋಣೆಗೆ ಸುಣ್ಣ ಬಳಿದು, ಒಳ್ಳೆಯ ಬಚ್ಚಲು ಕಟ್ಟಿಸಿ, ಅತಿಥಿಗೆ ಕೊಡಲು ಎಷ್ಟು ಸಾಲ ಬೇಕಾದೀತು? ಕಟ್ಟಡವೊಂದಕ್ಕೆ ಹೋಗುವ ದುಡ್ಡಿನ ಪಕ್ಕದಲ್ಲಿಟ್ಟು ನೋಡಿದರೆ ಅದು ಚಿಲ್ಲರೆ.

770 ಕಂಬಗಳ ಮಂಟಪ

ಕಟ್ಟಡದ ಮಾತು ಬಂತು. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಅಂದಿನ ಯೋಜನೆಯಂತೆ ಏಳೂವರೆ ಎಕರೆ ಜಾಗ, ಆರು ಅಂತಸ್ತು, 182 ಅಡಿ ಎತ್ತರ, 500 ಕೋಟಿ ರೂಪಾಯಿ ವೆಚ್ಚ. 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬಗಳು, 770 ಜನ ಕೂರುವ ಸಭಾಂಗಣ, ಗ್ರಂಥಾಲಯ, ಸಂಶೋಧನಾ ಕೇಂದ್ರ. ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿ ಇದರ ಹಿಂದಿದೆ. ಸರ್ಕಾರಗಳು ಬದಲಾದರೂ ಯೋಜನೆ ಕೈಬಿಡಲಿಲ್ಲ ಎಂಬುದು ಸಮಾಧಾನದ ಸಂಗತಿ. ಗಡುವುಗಳು ದಾಟಿಹೋದವು ಎಂಬುದು ನಮ್ಮಲ್ಲಿ ಸುದ್ದಿಯೂ ಅಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಈ ಮಂಟಪದ ಮೇಲಿನ ನಿರೀಕ್ಷೆ ಇನ್ನಷ್ಟು ಏರಿದೆ.

ಈ ಮಂಟಪ ಬೇಡ ಎನ್ನುವವನು ನಾನಲ್ಲ. ಇಲ್ಲಿ ಈಗಾಗಲೇ ಇರುವ ಅನುಭವ ಮಂಟಪವನ್ನು ಕಟ್ಟಿಸಿದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಹಿರಿಯರು ಅವರು. ಮಠಕ್ಕೆ ಬಂದ ಕಾಣಿಕೆ, ಜನರ ದೇಣಿಗೆ ಕೂಡಿಸಿ ಎದ್ದ ಆ ಕಟ್ಟಡದಲ್ಲಿ ನವೆಂಬರಿನ ಶರಣ ಕಮ್ಮಟಕ್ಕೆ ಇವತ್ತಿಗೂ ಜನ ಸೇರುತ್ತಾರೆ. ಕಟ್ಟಡ ಬದುಕುವುದು ಅಂಥ ರೂಢಿಯಿಂದ. ಹೊಸ ಮಂಟಪದ ಬಗ್ಗೆ ಕೇಳಬೇಕಾದ ಪ್ರಶ್ನೆ ಉದ್ಘಾಟನೆಯ ದಿನದ್ದಲ್ಲ, ಆಷಾಢದ ಒಂದು ಮಂಗಳವಾರದ್ದು. ಅಂದು 770 ಕುರ್ಚಿಯ ಸಭಾಂಗಣದಲ್ಲಿ ಏನು ನಡೆಯುತ್ತಿರುತ್ತದೆ? ಆರು ಅಂತಸ್ತಿನ ವಿದ್ಯುತ್ ಬಿಲ್ಲು, ಲಿಫ್ಟು, ಪಂಪು, ಕಾವಲುಗಾರರ ಸಂಬಳ ಯಾವ ತಲೆಬರಹದಲ್ಲಿ ಬರುತ್ತದೆ? ಗ್ರಂಥಾಲಯಕ್ಕೆ ಗ್ರಂಥಪಾಲಕರ ಹುದ್ದೆ ಮಂಜೂರಾಗುತ್ತದೆಯೇ? ನಮ್ಮ ಸರ್ಕಾರಗಳಿಗೆ ಕಟ್ಟುವುದಕ್ಕೆ ಹಣ ಕೊಡುವುದು ಗೊತ್ತು, ನಡೆಸುವುದಕ್ಕೆ ಕೊಡುವುದು ಗೊತ್ತಿಲ್ಲ. ಬೀಗ ಜಡಿದ ಯಾತ್ರಿ ನಿವಾಸ, ನೀರಿಲ್ಲದ ಶೌಚಾಲಯ, ಒಡೆದ ಸಂಗೀತ ಕಾರಂಜಿ ನಮ್ಮ ನಾಡಿನ ಪ್ರವಾಸಿ ತಾಣಗಳಲ್ಲಿ ಹೊಸ ದೃಶ್ಯವೇನಲ್ಲ.

ಇನ್ನೊಂದು ಅಂಜಿಕೆಯೂ ಇದೆ. ಮಂಟಪ ದೊಡ್ಡದಾದಷ್ಟು, ಬಂದವರು ಅದೊಂದನ್ನೇ ನೋಡಿ ಹೋಗುವ ಸಂಭವ ಹೆಚ್ಚು. ಗವಿಗಳು, ಕೆರೆ, ಓಣಿಗಳು ಇನ್ನೂ ಹಿಂದಕ್ಕೆ ಸರಿಯುತ್ತವೆ. ಮಂಟಪವನ್ನು ಊರಿನ ನಡಿಗೆಯ ಆರಂಭವಾಗಿ ಬಳಸಿಕೊಂಡರೆ ಈ ಅಂಜಿಕೆ ತಪ್ಪುತ್ತದೆ. ಟಿಕೆಟ್ಟಿನ ಜತೆಗೇ ನಕಾಶೆ, ತರಬೇತಾದ ಮಾರ್ಗದರ್ಶಿ, ಗವಿಗಳನ್ನು ಸುತ್ತಿಸುವ ಬ್ಯಾಟರಿ ಗಾಡಿ ಸಿಗಬೇಕು. ಬ್ಯಾಟರಿ ಗಾಡಿ ಎಂದಾಗ ನೆನಪಾಯಿತು, ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ, ಬೆಸುಗೆ ಹಾಕುವ ನುರಿತ ಕೈಗಳಿವೆ. ಹತ್ತು ಗಾಡಿಗಳನ್ನು ದೂರದ ಊರಿನಿಂದ ತರಿಸುವ ಮುನ್ನ ಅವರನ್ನು ಒಂದು ಮಾತು ಕೇಳಬಹುದು.

ಗವಿಯ ಕಲ್ಲಿಗೆ ಉಸಿರು ಬೇಕು

ಜನ ಹೆಚ್ಚಾದಾಗ ಮೊದಲು ಸೋಲುವುದು ಚಿಕ್ಕ ತಾಣಗಳು. ಗವಿಯ ಒಳಗೆ ಗಾಳಿ ಓಡಾಡುವುದು ಕಡಿಮೆ. ಹತ್ತು ಜನ ಒಳಗೆ ನಿಂತರೆ ಉಸಿರಿನ ತೇವ ಗೋಡೆಗೆ ಹತ್ತುತ್ತದೆ. ದೀಪದ ಮಸಿ, ಕರ್ಪೂರದ ಹೊಗೆ ಅದರ ಮೇಲೆ ಕೂರುತ್ತವೆ. ಎಣ್ಣೆ, ಕುಂಕುಮ ಕಲ್ಲಿನ ರಂಧ್ರ ಸೇರುತ್ತವೆ. ಹಳೆಯ ಕಾಲದಲ್ಲಿ ಒಬ್ಬಿಬ್ಬರು ಕೂತು ಧ್ಯಾನಿಸಲು ಇದ್ದ ಜಾಗಕ್ಕೆ ಇವತ್ತು ಬಸ್ಸಿನ ಜನ ನುಗ್ಗಿದರೆ ಅದು ತಾಳುವ ಮಿತಿ ಬೇಗ ದಾಟುತ್ತದೆ. ಅಗಲವಾದ ಕೋಟೆಗೆ ಸಾವಿರ ಜನ ಲೆಕ್ಕಕ್ಕಿಲ್ಲ, ಗವಿಗೆ ನೂರು ಜನವೂ ಹೊರೆ. ಹೀಗಾಗಿ ಇಡೀ ಊರಿಗೆ ಒಂದೇ ಮಿತಿ ಎಂಬುದಿಲ್ಲ; ಪ್ರತಿ ತಾಣಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಇದಕ್ಕಿಂತ ದೊಡ್ಡ ಅಪಾಯ ಭಕ್ತಿಯಿಂದ ಮಾಡುವ ರಿಪೇರಿ. ನಮ್ಮಲ್ಲಿ ಜೀರ್ಣೋದ್ಧಾರ ಎಂದರೆ ಸಾಮಾನ್ಯವಾಗಿ ಸಿಮೆಂಟು, ಗ್ರಾನೈಟ್ ಹಾಸು, ಮೇಲೊಂದು ಆಯಿಲ್ ಪೇಂಟು. ನೋಡಲು ಚೊಕ್ಕಟ, ಒಳಗೆ ಹಾನಿ. ಕಲ್ಲು ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಹಳೆಯ ಸುಣ್ಣದ ಗಾರೆ ಮೆದುವಾಗಿದ್ದು ಆ ತೇವಕ್ಕೆ ದಾರಿ ಬಿಡುತ್ತಿತ್ತು. ಸಿಮೆಂಟು ದಾರಿ ಮುಚ್ಚುತ್ತದೆ. ಹೊರಬರಲಾರದ ತೇವ ತನ್ನ ಜತೆಗಿನ ಉಪ್ಪನ್ನು ಕಲ್ಲಿನ ಒಳಪದರದಲ್ಲೇ ಬಿಡುತ್ತದೆ, ಉಪ್ಪು ಹರಳುಗಟ್ಟಿ ಉಬ್ಬಿದಾಗ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬಣ್ಣ ಬಳಿದ ಗೋಡೆಯಲ್ಲಿ ಇದು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ, ಬಿದ್ದಾಗ ಕಲ್ಲು ಹೋಗಿರುತ್ತದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕಗಳಿಗೆ 2010ರ ಕಾಯ್ದೆ ತಿದ್ದುಪಡಿಯ ಪ್ರಕಾರ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯ ಇರುತ್ತದೆ. ಓಣಿಯೊಳಗಿನ ಶರಣರ ತಾಣಗಳಿಗೆ ಅಂಥ ಬೇಲಿ ಹಾಕಲು ಬರುವುದಿಲ್ಲ, ಹಾಕಿದರೆ ಸುತ್ತಲಿನ ಮನೆಗಳ ಗತಿಯೇನು? ಅಲ್ಲಿ ಕಾಯಬೇಕಾದವರು ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯವರು, ಮಠದವರು ಮತ್ತು ಓಣಿಯವರೇ. ಮಂಡಳಿ ಬೇರೇನೂ ಮಾಡದಿದ್ದರೂ ಸುಣ್ಣದ ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನೂ ಒಬ್ಬ ಸಂರಕ್ಷಣಾ ತಜ್ಞರನ್ನೂ ಖಾಯಂ ಆಗಿ ಇಟ್ಟುಕೊಂಡರೆ ಅರ್ಧ ಊರು ಉಳಿಯುತ್ತದೆ.

ತ್ರಿಪುರಾಂತ ಕೆರೆಯದೂ ಇದೇ ಕಥೆ. ಬೋಟಿಂಗ್, ಬಣ್ಣದ ದೀಪ, ವಾಕಿಂಗ್ ಪಾತ್ ಎಂದು ಯೋಜನೆ ಬರೆಯುವುದು ಸುಲಭ. ಊರಿನ ಕೊಳೆನೀರು ಅದಕ್ಕೆ ಸೇರದಂತೆ ಮಾಡುವುದು, ನೀರು ಬರುವ ಹಳ್ಳದ ಒತ್ತುವರಿ ತಡೆಯುವುದು ಕಷ್ಟ, ಮತ್ತು ಅದರಲ್ಲಿ ರಿಬ್ಬನ್ನು ಕತ್ತರಿಸುವ ಕಾರ್ಯಕ್ರಮ ಇಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಸೀಮೆ ಇದು. ಇಲ್ಲಿ ಈಜುಕೊಳದ ರೆಸಾರ್ಟು ಕಟ್ಟುವವನಿಗೆ ಪರವಾನಗಿ ಕೊಡುವ ಮುನ್ನ ಅವನ ನೀರು ಯಾರ ಬಾವಿಯಿಂದ ಬರುತ್ತದೆ ಎಂದು ಕೇಳಬೇಕು. ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದವರು ನೆಲದಡಿ ಸುರಂಗ ಬಾವಿ ಕೊರೆದು ನೀರು ಹರಿಸಿದ್ದರು; ನಮ್ಮ ಕಾಲದವರು ಅದರ ಮೇಲೆ ಹೂಳು, ಕಟ್ಟಡ ಎಲ್ಲ ಹೇರಿ, ಈಗ ಮತ್ತೆ ಅದನ್ನೇ ಬಗೆದು ಪ್ರವಾಸಿಗರಿಗೆ ತೋರಿಸುತ್ತಿದ್ದೇವೆ.

ಒಂದೇ ಪದರದ ಊರಲ್ಲ

ಶರಣರ ತಾಣಗಳು ಎಂದು ಇಂದು ಗುರುತಿಸುವ ಬಹುತೇಕ ಜಾಗಗಳಿಗೆ ಆಧಾರ ತಲೆಮಾರುಗಳಿಂದ ಬಂದ ಜನರ ನಂಬಿಕೆ. ಬಸವಣ್ಣನನ್ನು ಹೆಸರಿಸುವ ಪ್ರಸಿದ್ಧ ಅರ್ಜುನವಾಡ ಶಾಸನವೇ 1260ರದ್ದು, ಸಿಕ್ಕದ್ದು ಬೆಳಗಾವಿ ಜಿಲ್ಲೆಯಲ್ಲಿ. ನಂಬಿಕೆಗೆ ಬೆಲೆಯಿಲ್ಲ ಎಂದಲ್ಲ. ಎಂಟು ಶತಮಾನ ಒಂದು ಹೆಸರನ್ನು ಒಂದು ಗವಿಗೆ ಅಂಟಿಸಿಟ್ಟ ನೆನಪು ತಾನೇ ಒಂದು ಇತಿಹಾಸ. ಆದರೆ ಫಲಕ ಬರೆಯುವಾಗ ‘ಹೀಗೆ ನಂಬಲಾಗುತ್ತದೆ’ ಮತ್ತು ‘ಹೀಗೆ ಶಾಸನ ಹೇಳುತ್ತದೆ’ ಎಂಬ ಎರಡನ್ನೂ ಬೇರೆ ಬೇರೆ ಬರೆಯುವ ಪ್ರಾಮಾಣಿಕತೆ ಬೇಕು. ಪ್ರವಾಸಿಗೆ ಅದರಿಂದ ಬೇಸರವಾಗುವುದಿಲ್ಲ, ಕುತೂಹಲ ಹೆಚ್ಚುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮೂಲ ಅನುಭವ ಮಂಟಪ ಇದ್ದ ಜಾಗ ಯಾವುದು, ಅದು ಪೀರ್ ಪಾಷಾ ಬಂಗ್ಲೆಯೇ ಎಂಬ ವಿವಾದ 2022ರಲ್ಲಿ ಬೀದಿಗೆ ಬಂದಿತ್ತು. ಪ್ರವಾಸೋದ್ಯಮಕ್ಕೆ ಶಾಂತಿಯಷ್ಟು ಬೇಕಾದ ಬಂಡವಾಳ ಬೇರೆ ಇಲ್ಲ. ಬಸವಕಲ್ಯಾಣದಲ್ಲಿ ಚಾಲುಕ್ಯರ ಕಲ್ಲುಗಳಿವೆ, ಬಹಮನಿಗಳಿಂದ ನಿಜಾಮರ ಜಾಗೀರಿನವರೆಗೆ ಹಲವರ ಕೈಯಲ್ಲಿ ಬೆಳೆದ ಕೋಟೆಯಿದೆ, ಅದರೊಳಗೆ ಜೈನ ಮೂರ್ತಿಗಳಿರುವ ವಸ್ತುಸಂಗ್ರಹಾಲಯವಿದೆ, ರಾಜಾ ಬಾಗ್ ಸವಾರ್ ದರ್ಗಾ ಇದೆ, ಸದಾನಂದ ಮಠವಿದೆ. 1657ರಲ್ಲಿ ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಬೀದರ್ ಹಿಡಿದ ಮೇಲೆ ಈ ಕೋಟೆಗೂ ಮುತ್ತಿಗೆ ಹಾಕಿ ಗೆದ್ದ. ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ದಖನಿ ಒಟ್ಟಿಗೇ ಕೇಳುತ್ತವೆ. ಮೂರು ಭಾಷೆ ಬಲ್ಲ ಹುಡುಗ ಹುಡುಗಿಯರು ಪ್ರತಿ ಓಣಿಯಲ್ಲೂ ಸಿಗುವ ಊರಿನಲ್ಲಿ ಮಾರ್ಗದರ್ಶಿಗಳ ಕೊರತೆ ಇರಬಾರದು. ಕೊರತೆ ಇರುವುದು ಅವರಿಗೆ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ದಿನದ ದರ ಗೊತ್ತುಮಾಡುವ ಏರ್ಪಾಡಿನಲ್ಲಿ.

ಹಂಪಿಯ ಉದಾಹರಣೆ ಇಲ್ಲಿ ಎಚ್ಚರಿಕೆ ಕೊಡುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ 1999ರಲ್ಲಿ ಅಪಾಯದಂಚಿನ ಪಟ್ಟಿಗೆ ಇಳಿಯಿತು. ಅಲ್ಲಿಂದ ಹೊರಬಂದದ್ದು 2006ರಲ್ಲಿ. ಅದೇ ಸೇತುವೆ 2009ರಲ್ಲಿ ಕುಸಿಯಿತು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ದಶಕಗಳಿಂದ ಅಂಗಡಿ ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಜೆಸಿಬಿ ತಂದು ತೆರವು ಮಾಡಲಾಯಿತು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಲಾಯಿತು. ಮೊದಲು ಕಣ್ಣು ಮುಚ್ಚಿ ಬೆಳೆಯಲು ಬಿಡುವುದು, ಆಮೇಲೆ ಕಣ್ಣು ಮುಚ್ಚಿ ಕೆಡವುವುದು ನಮ್ಮ ಆಡಳಿತದ ಹಳೆಯ ಚಾಳಿ. ಎರಡು ಸಲವೂ ಕಳೆದುಕೊಂಡವರಲ್ಲಿ ಸ್ಥಳೀಯ ಬಡವರೇ ಹೆಚ್ಚು. ಹೊಸ ಮಂಟಪದ ಸುತ್ತ ಜಾಗದ ಬೆಲೆ ಏರಿ, ರಸ್ತೆಬದಿಯಲ್ಲಿ ಶೆಡ್ಡುಗಳು ಎದ್ದ ಮೇಲೆ ವಲಯ ನಕಾಶೆ ಮಾಡುವುದಕ್ಕಿಂತ ಈಗಲೇ ಮಾಡುವುದು ಅಗ್ಗ.

ಹುಮನಾಬಾದಿನ ದಾರಿ

ಬಸವಕಲ್ಯಾಣದಿಂದ ಸುಮಾರು ಮೂವತ್ತು ಕಿಲೋಮೀಟರು ಪೂರ್ವಕ್ಕೆ ಅದೇ ಹೆದ್ದಾರಿಯಲ್ಲಿ ಹುಮನಾಬಾದ್. ರೈಲು ಇರುವುದು ಇಲ್ಲಿ. 2017ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ಮಾರ್ಗದ ನಡುವಿನ ನಿಲ್ದಾಣ. ಬಸವಕಲ್ಯಾಣಕ್ಕೆ ರೈಲಿಲ್ಲ. ಬೀದರಿಗೆ 2020ರಲ್ಲಿ ಬಂದ ವಿಮಾನ ಆಗಾಗ ನಿಂತು, ಮತ್ತೆ ಬಂದು ಪರದಾಡಿದೆ. ಹಾಗಾಗಿ ದೂರದಿಂದ ಬರುವವರಿಗೆ ಹುಮನಾಬಾದೇ ಬಾಗಿಲು.

ಈ ಬಾಗಿಲಿಗೆ ಯಾತ್ರಿಕರು ಈಗಾಗಲೇ ಬರುತ್ತಿದ್ದಾರೆ. ಊರಿನ ವೀರಭದ್ರೇಶ್ವರನ ಜಾತ್ರೆ ಜನವರಿಯಲ್ಲಿ. ಪಕ್ಕದ ಮಾಣಿಕನಗರ ಮಾಣಿಕಪ್ರಭುಗಳ ಸಂಸ್ಥಾನ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಇಲ್ಲಿ ಸಮಾಧಿಯಾದ ಮಾಣಿಕಪ್ರಭುಗಳು ಎಲ್ಲ ಮತಗಳೂ ಒಂದೇ ಎನ್ನುವ ಸಕಲಮತ ಸಂಪ್ರದಾಯ ಕಟ್ಟಿದವರು, ಹಿಂದೂ ಮುಸ್ಲಿಂ ಇಬ್ಬರೂ ಅವರ ಭಕ್ತರು. ದತ್ತ ಜಯಂತಿಯ ದರಬಾರು, ಸಂಗೀತಕ್ಕೆ ಮಹಾರಾಷ್ಟ್ರದ ಭಕ್ತರು ದಂಡಾಗಿ ಬರುತ್ತಾರೆ. ಅಕ್ಕಲಕೋಟೆ, ಗಾಣಗಾಪುರ, ಮಾಣಿಕನಗರ ಎಂದು ಸುತ್ತುವ ದತ್ತಭಕ್ತರ ದಾರಿ ಯಾವ ಪ್ರವಾಸೋದ್ಯಮ ಇಲಾಖೆಯೂ ಹಾಕಿಕೊಟ್ಟದ್ದಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಪಂಜಾಬಿನಿಂದ ಬಂದವರು ಲಂಗರಿನಲ್ಲಿ ಉಂಡು, ಅಲ್ಲೇ ಮಲಗಿ, ಸೇವೆ ಮಾಡಿ ಹೋಗುತ್ತಾರೆ. ಉಳಿಸಿಕೊಳ್ಳುವ ಕಲೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ ಎಂಬುದಕ್ಕೆ ಇವು ಸಾಕ್ಷಿ.

ಹುಮನಾಬಾದಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಜಲಸಂಗ್ವಿ ಇದೆ. ಅಲ್ಲಿಯ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಸಾಲಾಗಿ ನಿಂತ ಶಿಲಾಬಾಲಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಅಕ್ಷರಗಳು ಇವತ್ತಿಗೂ ಓದಬಹುದಾದಷ್ಟು ಸ್ಪಷ್ಟ. ಕಂಠಪಾಠದಲ್ಲೂ ಹೆಣ್ಣಿಗೆ ಪಾಲಿಲ್ಲವೆಂದು ನಾವು ಊಹಿಸಿಕೊಂಡಿರುವ ಕಾಲದಲ್ಲಿ ಶಿಲ್ಪಿಯೊಬ್ಬ ಹೆಣ್ಣಿನ ಕೈಗೆ ಬರೆಯುವ ಸಾಧನ ಕೊಟ್ಟಿದ್ದಾನೆ. ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಶಿವಾಲಯದಲ್ಲೂ ಅಂಥದೇ ಚೆಲುವಿನ ಮದನಿಕೆಯರಿದ್ದಾರೆ. ಬೇಲೂರಿನ ಮದನಿಕೆಯರನ್ನು ನೋಡಲು ಸಾಲುಗಟ್ಟಿ ನಿಲ್ಲುವ ನಮಗೆ ಈ ಎರಡು ಹಳ್ಳಿಗಳ ಹೆಸರೂ ಗೊತ್ತಿ­ಲ್ಲ. ಮಾಣಿಕನಗರದಲ್ಲಿ ಬೆಳಗಿನ ಪೂಜೆ, ಮಧ್ಯಾಹ್ನ ಜಲಸಂಗ್ವಿ, ಸಂಜೆ ಬಸವಕಲ್ಯಾಣದ ಕೆರೆ ದಂಡೆ, ರಾತ್ರಿ ಅಲ್ಲೇ ವಸತಿ, ಮರುದಿನ ಗವಿಗಳು ಮತ್ತು ಕೋಟೆ, ಹೊರಡುವಾಗ ನಾರಾಯಣಪುರ. ದಾರಿ ತಾನಾಗಿ ಕೂಡಿ ಬರುತ್ತದೆ. ಹಳ್ಳಿಯ ಗುಡಿಗೆ ಬೇಕಾದದ್ದು ಮೂರೇ: ಒಳ್ಳೆಯ ಶೌಚಾಲಯ, ನೆರಳಿನ ಕಟ್ಟೆ, ಕಥೆ ಹೇಳಬಲ್ಲ ಒಬ್ಬರು. ಅಲ್ಲಿ ಪಾರ್ಕಿಂಗ್ ಕಾಸು ಪಡೆಯುವುದಾದರೆ ಅದು ಗ್ರಾಮ ಪಂಚಾಯಿತಿಗೆ ಸೇರಲಿ, ಆ ಕಾಸಿನಿಂದಲೇ ಗುಡಿಯ ಸುತ್ತಲಿನ ಗಟಾರು ಸ್ವಚ್ಛವಾಗಲಿ.

ಹೊಸ ಅನುಭವ ಮಂಟಪದ ಬಾಗಿಲು ತೆರೆಯುವ ಮುನ್ನ ಸರ್ಕಾರ ಕೆಲವು ಕಾಗದಗಳನ್ನು ಜನರ ಮುಂದಿಡಬೇಕು. ಮಂಟಪದ ವರ್ಷದ ನಿರ್ವಹಣೆಯ ಅಂದಾಜು, ಅಲ್ಲಿನ ಕೆಲಸಗಳಲ್ಲಿ ಮತ್ತು ಅಂಗಡಿಗಳಲ್ಲಿ ತಾಲ್ಲೂಕಿನವರ ಪಾಲು, ಗವಿಗಳ ಸಂರಕ್ಷಣೆಗೆ ಟಿಕೆಟ್ ಹಣದಿಂದ ಹೋಗುವ ಮೊತ್ತ ಅವುಗಳಲ್ಲಿರಲಿ. ಅಭಿವೃದ್ಧಿ ಮಂಡಳಿ ಪ್ರತಿ ತಿಂಗಳು ಎಷ್ಟು ಜನ ಬಂದರು ಎಂಬುದರ ಜತೆಗೆ ಎಷ್ಟು ಜನ ರಾತ್ರಿ ಉಳಿದರು ಎಂಬ ಲೆಕ್ಕವನ್ನೂ ಪ್ರಕಟಿಸಲಿ. ಎರಡನೆಯ ಅಂಕಿ ಏರದೆ ಮೊದಲನೆಯದು ಮಾತ್ರ ಏರುತ್ತಿದ್ದರೆ ಯೋಜನೆ ಸೋತಿದೆ ಎಂದೇ ತಿಳಿಯಬೇಕು.

ಓದುಗರಿಗೆ ಒಂದು ಕೋರಿಕೆ. ಹೋಗುವುದಾದರೆ ಬಸವ ಜಯಂತಿಯ ಗದ್ದಲದಲ್ಲಿ ಬೇಡ, ಏಪ್ರಿಲ್–ಮೇ ಬಿಸಿಲಿನಲ್ಲಂತೂ ಬೇಡ. ನವೆಂಬರಿನಿಂದ ಫೆಬ್ರವರಿಯೊಳಗೆ ವಾರದ ನಡುವಿನ ಒಂದು ದಿನ ಹೋಗಿ. ಎಳ್ಳ ಅಮಾವಾಸ್ಯೆಯ ಆಸುಪಾಸಾದರೆ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಭಾಗ್ಯವೂ ಸಿಗಬಹುದು. ‘ಬರ್ರಿ, ಊಟಕ್ಕ ಕೂಡ್ರಿ’ ಎಂದು ಗುರುತಿಲ್ಲದವರನ್ನೂ ಕರೆಯುವ ಸೀಮೆ ಅದು. ನೀರಿನ ಬಾಟಲಿ ಮನೆಯಿಂದ ಒಯ್ಯಿರಿ, ಗವಿಯೊಳಗೆ ಕರ್ಪೂರ ಹಚ್ಚಬೇಡಿ, ದಾರಿ ತೋರಿಸಿದ ಹುಡುಗನಿಗೆ ಕೂಲಿ ಕೊಡಿ, ರಾತ್ರಿ ಅಲ್ಲೇ ಉಳಿಯಿರಿ.